ಪಡಸಾಲೆಯಲ್ಲಿ ಟೂ ಸ್ಟ್ರೋಕು

ಏಳು ತಿಂಗಳ ಕಾಲ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮೋಟಾರ್ ಸೈಕಲ್ಲು ಮಲಗಿತ್ತು. ನಿಂತಿತ್ತು ಎಂದು ಬರೆಯಲು ನನಗೂ ಆಸೆಯೇ. ಆದರೆ ನಿಲ್ಲಲು ಅದಕ್ಕೆ ಚಕ್ರಗಳಿರಲಿಲ್ಲ. ಚಕ್ರಗಳು ಮಂಚದ ಕೆಳಗಿದ್ದವು, ಟ್ಯಾಂಕು ಬೀರುವಿನ ಮೇಲಿತ್ತು, ಹ್ಯಾಂಡಲ್ಲು ಬಟ್ಟೆ ಒಣಗಿಸುವ ತಂತಿಯ ಮೊಳೆಗೆ ನೇತು ಬಿದ್ದಿತ್ತು. ಇಂಜಿನ್ನಿನ ಹೊಟ್ಟೆಯೊಳಗಿನದೆಲ್ಲ ಒಂದು ಹಾಸುಬಟ್ಟೆಯ ಮೇಲೆ ಸಾಲಾಗಿ ಹರಡಿಕೊಂಡಿತ್ತು. ಮನೆಗೆ ಬಂದವರು ಬಾಗಿಲಲ್ಲೇ ನಿಂತು, ಎಲ್ಲಿ ಕಾಲಿಡಬೇಕೆಂದು ನನ್ನ ಮುಖ ನೋಡುತ್ತಿದ್ದರು. ನಾನು ಗೋಡೆಯ ಪಟದಲ್ಲಿದ್ದ ಶಿವನ ಮುಖ ನೋಡುತ್ತಿದ್ದೆ.

ಇದು ತೊಂಬತ್ತೇಳನೆಯ ಇಸವಿಯೋ ತೊಂಬತ್ತೆಂಟೋ ಇರಬೇಕು. ನಾವು ಹೊಳಲ್ಕೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮನೆಯವರು ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ದೊಡ್ಡ ಡಾಕ್ಟರಲ್ಲ, ಹಳ್ಳಿಯಿಂದ ಹಳ್ಳಿಗೆ ಹೋಗಿ ಸೂಜಿ ಹಾಕುವವರು. ತಾಳ್ಯದ ಕಡೆಯ ಹಟ್ಟಿಗಳೆಲ್ಲ ಅವರ ಪಾಲಿಗೆ ಬಂದಿದ್ದವು. ಬಸ್ಸು ಇಳಿದ ಮೇಲೆ ಬದುವಿನ ಮೇಲೆ ಮೈಲಿಗಟ್ಟಲೆ ನಡೆಯಬೇಕು. ಅಷ್ಟರಲ್ಲಿ ಎಮ್ಮೆ ಒಂದೋ ಹುಷಾರಾಗಿರುತ್ತಿತ್ತು, ಇಲ್ಲವೋ ಇಲ್ಲವಾಗಿರುತ್ತಿತ್ತು. ಒಂದು ಗಾಡಿ ಬೇಕು ಎಂದರೆ ನಾನೇಕೆ ಬೇಡ ಎನ್ನಲಿ? ಆದರೆ ಗಾಡಿ ಎಂದರೆ ಊರಿನ ಬೇರೆ ಗಂಡಸರು ಓಡಿಸುವಂಥದ್ದು ಎಂದು ನಾನು ತಿಳಿದಿದ್ದೆ. ಇವರು ಸಂಕ್ರಾಂತಿ ಮಾರನೇ ದಿನ ದಾವಣಗೆರೆಯಿಂದ ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದದ್ದು ಮಣ್ಣಿನ ರೇಸಿನ ಗಾಡಿ. ಯಾರೋ ಪಡ್ಡೆ ಹುಡುಗ ಮಣ್ಣಿನ ಮೈದಾನದಲ್ಲಿ ಗುಡ್ಡೆ ಹಾರಿಸಿ ಹಾರಿಸಿ, ಅದರ ಸೊಂಟ ಬಿದ್ದ ಮೇಲೆ ಇವರಿಗೆ ಸಾಗಹಾಕಿದ್ದ. ಮುಂದಿನ ಮಡ್‌ಗಾರ್ಡು ಚಕ್ರಕ್ಕೂ ತನಗೂ ಸಂಬಂಧವಿಲ್ಲದ ಹಾಗೆ ಮೇಲೆ ಎದ್ದು ನಿಂತಿತ್ತು. ಲೈಟಿಲ್ಲ, ಹಾರನ್ನಿಲ್ಲ, ಸೀಟು ಒಬ್ಬರಿಗೆ ಮಾತ್ರ. ಹಿಂದೆ ಕೂತವರು ಕಾಲಿಡುವ ಕಡ್ಡಿಗಳನ್ನೂ ಭಾರ ಎಂದು ಕತ್ತರಿಸಿ ಎಸೆದಿದ್ದನಂತೆ, ಪುಣ್ಯಾತ್ಮ.

"ಇದು ಎಂಥ ಗಾಡಿರೀ?" ಎಂದೆ.

"ಸಾಮಾನ್ಯದ್ದಲ್ಲ ಕಣೇ. ಬದುವಿನ ಮ್ಯಾಲೆ ಬಿಟ್ರೆ ಬದುವಿನ ಮ್ಯಾಲೇ ಹೋಗ್ತೈತೆ. ಹಳ್ಳ ಬಂದ್ರೆ ಹಳ್ಳದಾಗೆ ಇಳಿತೈತೆ."

"ಈಗ ಯಾಕೆ ಆಟೋದಾಗೆ ಬಂತು?"

 ಆಟೋದವನ ಜೊತೆ ಸೇರಿ ಅದನ್ನು ಇಳಿಸಿಕೊಂಡರು. ಶಿವರಾತ್ರಿಯ ಹೊತ್ತಿಗೆ ರೆಡಿ ಎಂದರು. ಯಾವ ವರ್ಷದ ಶಿವರಾತ್ರಿ ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ.

ಗಂಡಸರ ಒಂದು ಗುಣ ನನಗೆ ಇನ್ನೂ ಅರ್ಥವಾಗಿಲ್ಲ. ಹದಿನಾಲ್ಕು ವರ್ಷದಿಂದ ಒಂದೇ ಗೂಡಿನಲ್ಲಿ ಕೂತಿರುವ ಉಪ್ಪಿನ ಡಬ್ಬಿ ಇವರ ಕಣ್ಣಿಗೆ ಬೀಳುವುದಿಲ್ಲ. "ಏ ಇವಳೇ, ಉಪ್ಪು ಎಲ್ಲಿ ಐತೆ?" ಎಂದು ಪ್ರತಿ ಸಲವೂ ಹೊಸದಾಗಿ ಕೇಳುತ್ತಾರೆ. ಅದೇ ಮನುಷ್ಯ, ಇನ್ನೂರು ನಟ್ಟು ಬೋಲ್ಟುಗಳಲ್ಲಿ ಒಂದನ್ನು ನಾನು ಕಸ ಗುಡಿಸುವಾಗ ಒಂದು ಗೇಣು ಸರಿಸಿದರೆ, ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡುವ ಮುಂಚೆ, "ಇಲ್ಲಿ ಕ್ಲಚ್ಚಿಂದು ಒಂದು ಇತ್ತಲ್ಲ?" ಎನ್ನುತ್ತಾರೆ. ಇಷ್ಟು ದೃಷ್ಟಿ ಇದ್ದದ್ದು ಎಲ್ಲಿ ಅಡಗಿತ್ತು ಶಿವನೇ!

ಅವರು ಕೆಲಸಕ್ಕೆ ಕೂರುವ ಕ್ರಮ ನೋಡಿದರೆ ಮಾತ್ರ ನನಗೆ ಬೈಯಲು ಬಾಯಿ ಬರುತ್ತಿರಲಿಲ್ಲ. ಗುಡಿಯಲ್ಲಿ ದೇವರಿಗೆ ಹದಿನಾರು ಉಪಚಾರ ಮಾಡುತ್ತಾರಲ್ಲ, ಹಾಗೆ. ಮೊದಲು ನೆಲ ಒರೆಸಿ ಬಟ್ಟೆ ಹಾಸುವರು, ಅದು ಆಸನ. ಒಂದೊಂದೇ ಭಾಗವನ್ನು ಎತ್ತಿ ಸೀಮೆಎಣ್ಣೆಯಲ್ಲಿ ತೊಳೆಯುವರು, ಅದು ಸ್ನಾನ. ಆಮೇಲೆ ವಸ್ತ್ರ. ವಸ್ತ್ರವೆಂದರೆ ನನ್ನ ಸೀರೆ. ನನ್ನ ತವರಿನ ಇಳಕಲ್ಲು ಒಂದು ಹರಿದಿತ್ತು ನಿಜ, ಆದರೆ ಅಷ್ಟೂ ಹರಿದಿರಲಿಲ್ಲ. ಧೂಪವೂ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ನಾನು ಬೆಳಿಗ್ಗೆ ಎದ್ದು ಸ್ನಾನ ಮಾಡಿ ವಿಭೂತಿ ಧರಿಸಿ, ಒಳಕೋಣೆಯ ಮೂಲೆಯಲ್ಲಿ ಲಿಂಗಪೂಜೆಗೆ ಕೂತರೆ, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ನೆಟ್ಟು ಕೂರಬೇಕು. ಕಾಲು ಗಂಟೆ ಕೂರುವಷ್ಟರಲ್ಲಿ ಹಾಲು, ಒಲೆ, ನೀರು ಬರುವ ಹೊತ್ತು ಎಲ್ಲ ತಲೆಯೊಳಗೆ ಸುತ್ತುತ್ತವೆ. ಇವರು ಅತ್ತ ಕಡೆ ಅಂಗೈಯಲ್ಲಿ ಪಿಸ್ಟನ್ನು ಹಿಡಿದು ಒಂದು ಗಂಟೆ ಕೂತರೂ ರೆಪ್ಪೆ ಅಲುಗುತ್ತಿರಲಿಲ್ಲ. ಹೊಟ್ಟೆಯುರಿ ಎಂದರೆ ಪಾಪ ಬರುತ್ತದೆ. ಹೊಟ್ಟೆಯುರಿಯೇ.

ಧೂಪದ ವಿಷಯ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆಗೇ ಆಯಿಲ್ಲು ಕುಡಿಸುತ್ತಾರೆ. ಅದು ಉರಿದು ಉರಿದು ಸೈಲೆನ್ಸರಿನ ಕೊಳವೆಯ ಒಳಗೆ ಮಸಿ ಕಟ್ಟಿ ಉಸಿರು ನಿಲ್ಲುತ್ತದಂತೆ. ಅದನ್ನು ಬೆಂಕಿಯಲ್ಲಿ ಸುಟ್ಟು ಉದುರಿಸಬೇಕಂತೆ. ಸುಡಲು ಇವರಿಗೆ ಸಿಕ್ಕಿದ್ದು ನನ್ನ ಬಚ್ಚಲೊಲೆ. ಒಂದು ಭಾನುವಾರ ಬೆಳಿಗ್ಗೆ ಹಂಡೆಯ ಕೆಳಗೆ ಸೌದೆ ಒಟ್ಟಿ ಒಳಗೆ ಹೋದವಳು, ಹೊರಗೆ ಬಂದು ನೋಡಿದರೆ ಓಣಿಯೆಲ್ಲ ಹೊಗೆ. ಮನೆಯ ಒಡತಿ ಸರೋಜಕ್ಕ ಮಾಳಿಗೆಯ ಮೇಲಿಂದ ಕೂಗಿದರು:

"ಏನವ್ವ, ನಿಮ್ಮನೇರು ದನ ನೋಡೋ ಡಾಕ್ಟ್ರೋ, ಗುಜರಿ ಅಂಗಡಿ ಸಾವ್ಕಾರ್ರೋ? ನನ್ನ ಸಂಡಿಗೆ ಎಲ್ಲಾ ಕರ್ರಗಾದ್ವು ನೋಡು ಬಾ!"

ಆ ಸಂಡಿಗೆಗೆ ನಾನು ಹೋಗಿ ಕ್ಷಮೆ ಕೇಳಿದೆ. ಇವರು ಒಲೆಯೊಳಗಿಂದ ಕೊಳವೆ ಎಳೆದು ಬಡಿದು, "ನೋಡು, ಎಷ್ಟು ಚೆನ್ನಾಗಿ ಉದುರ್ತು!" ಎಂದು ನನಗೆ ಮಸಿ ತೋರಿಸಿದರು. ಆವತ್ತು ಆ ನೀರಿನಲ್ಲಿ ಮಿಂದು ನಾನು ಪೂಜೆಗೆ ಕೂತೆ. ಮೈಯೆಲ್ಲ ಪೆಟ್ರೋಲ್ ಬಂಕಿನ ವಾಸನೆ. ಸದ್ಯ, ಹಂಡೆ ಒಡೆಯಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ನನ್ನ ಸಮಾಧಾನಗಳೆಲ್ಲ ಈ ಜಾತಿಯವೇ. ದೊಡ್ಡ ವರ ಕೇಳಿ ನನಗೆ ಅಭ್ಯಾಸವಿಲ್ಲ. ಒಡೆಯದ್ದು, ಉಕ್ಕದ್ದು, ಸೀಯದ್ದು, ಇಷ್ಟನ್ನು ಎಣಿಸಿಕೊಂಡು ದಿನ ಮುಗಿಸುವವಳು.

ಶಿವರಾತ್ರಿ ಹೋಯಿತು. ಯುಗಾದಿಗೆ ರೆಡಿ ಎಂದರು. ಯುಗಾದಿಯ ಹಿಂದಿನ ದಿನ ಬೇರಿಂಗ್ ಕೂರಿಸುವ ಕೆಲಸ ಬಂತು. ಇಂಜಿನ್ನಿನ ಅಲ್ಯೂಮಿನಿಯಂ ಕವಚವನ್ನು ಬಿಸಿ ಮಾಡಿದರೆ ಅದು ಹಿಗ್ಗಿ, ಬೇರಿಂಗ್ ಸುಸೂತ್ರವಾಗಿ ಒಳಗೆ ಇಳಿಯುತ್ತದಂತೆ. ಬಿಸಿ ಮಾಡಲು ಏನು ಬಳಸಿದರು ಹೇಳಿ? ನನ್ನ ರೊಟ್ಟಿ ಹೆಂಚು. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಹೆಂಚಿನ ಮೇಲೆ ಆ ಕವಚವನ್ನು ಮಗುಚಿ ಹಾಕಿಕೊಂಡು, ರೊಟ್ಟಿಯ ಹಾಗೆಯೇ ತಿರುವಿ ತಿರುವಿ ನೋಡುತ್ತಿದ್ದರು. ನಾನು ಕೊಡ ಇಳಿಸಲೂ ಇಲ್ಲ, ಹೊಸಿಲಲ್ಲೇ ನಿಂತೆ.

"ಇಳೀತು ಕಣೇ! ಒಂದೇ ಏಟಿಗೆ!" ಎಂದರು ಮುಖವರಳಿಸಿ. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ಅವರು ಮಾಡಿದ ಮೊದಲ ಕೆಲಸ ಅದು. ಆಮೇಲೆ ಮೂರು ಸಲ ಹುಣಸೆಹಣ್ಣು ಹಾಕಿ ತಿಕ್ಕಿದರೂ ಜೋಳದ ರೊಟ್ಟಿಗೆ ಒಂಥರ ಕಬ್ಬಿಣದ ಅಂಗಡಿಯ ರುಚಿ ಉಳಿಯಿತು. ಅವರು ಒಂದು ಹೆಚ್ಚಿಗೆಯೇ ತಿಂದರು.

ಕೋಪ ಬಂದಾಗ ಒಂದು ದಿನ ಕೇಳಿದೆ, ಈ ಟೂ ಸ್ಟ್ರೋಕು ಟೂ ಸ್ಟ್ರೋಕು ಎಂದು ಜಪ ಮಾಡುತ್ತೀರಲ್ಲ, ಏನದು? ಕೇಳಿದ್ದೇ ತಡ, ಒಂದು ಲೋಟ ತಂದು ಅದರೊಳಗೆ ಚಟ್ನಿ ಕುಟ್ಟುವ ಗುಂಡನ್ನು ಮೇಲೆ ಕೆಳಗೆ ಆಡಿಸುತ್ತ ಪಾಠ ಶುರು ಮಾಡಿದರು. ಬೇರೆ ಗಾಡಿಗಳ ಇಂಜಿನ್ನು ಒಂದು ಸಲ ಉಸಿರೆಳೆದುಕೊಳ್ಳುತ್ತದೆ, ಒಂದು ಸಲ ಅದುಮುತ್ತದೆ, ಒಂದು ಸಲ ಕೆಲಸ ಮಾಡುತ್ತದೆ, ಒಂದು ಸಲ ಉಸಿರು ಬಿಡುತ್ತದೆ. ನಾಲ್ಕರಲ್ಲಿ ಒಂದೇ ಕೆಲಸ. ಇದು ಹಾಗಲ್ಲ. ಏರುವಾಗಲೂ ಎರಡು ಕೆಲಸ, ಇಳಿಯುವಾಗಲೂ ಎರಡು ಕೆಲಸ. ಬಿಡುವೇ ಇಲ್ಲ. ಅದಕ್ಕೇ ಹೊಗೆ ಜಾಸ್ತಿ, ಸದ್ದು ಜಾಸ್ತಿ.

"ಹಂಗಾದ್ರೆ ಇದು ಹೆಂಗಸ್ರ ಇಂಜಿನ್ನು" ಎಂದೆ.

ಅವರು ಗುಂಡು ಹಿಡಿದುಕೊಂಡೇ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಹೊಗೆಯ ವಿಷಯಕ್ಕೆ ನೋಡಿದರೋ ಸದ್ದಿನ ವಿಷಯಕ್ಕೋ, ನಾನು ಕೇಳಲು ಹೋಗಲಿಲ್ಲ.

ಇಷ್ಟೆಲ್ಲ ಸಹಿಸಿಕೊಂಡಿರುತ್ತಿದ್ದೆ. ಆದರೆ ನನ್ನ ಹರಕೆಯೊಂದು ಆ ಪಡಸಾಲೆಗಾಗಿ ಕಾಯುತ್ತಿತ್ತು. ಅದರ ಹಿಂದಿನ ವರ್ಷ ಇವರಿಗೆ ಕಾಮಾಲೆಯಾಗಿ, ಕಣ್ಣು ಅರಿಸಿನವಾಗಿ, ಮೂರು ವಾರ ಮಜ್ಜಿಗೆ ಅನ್ನದಲ್ಲೇ ಬಿದ್ದುಕೊಂಡಿದ್ದರು. ಆಗ ನಾನು ಬೇಡಿಕೊಂಡಿದ್ದೆ. ಇವರು ಎದ್ದು ಓಡಾಡಿದರೆ ನಮ್ಮ ಅಯ್ಯನವರನ್ನು ಮನೆಗೆ ಕರೆಸಿ ಪಾದಪೂಜೆ ಮಾಡುತ್ತೇನೆ ಎಂದು. ಅಯ್ಯನವರು ಎಂದರೆ ನಮ್ಮ ತವರಿನ ಮನೆತನಕ್ಕೆ ಗುರುಗಳು, ತಾಳ್ಯದಿಂದ ಆಚೆಯ ಒಂದು ಸಣ್ಣ ಹಳ್ಳಿಯ ಜಂಗಮರು. ನನಗೆ ಲಿಂಗ ಕಟ್ಟಿದವರೂ ಅವರೇ, ನನ್ನ ಧಾರೆಯಲ್ಲಿ ಕೂತವರೂ ಅವರೇ. ಇವರು ಎದ್ದು ಓಡಾಡಿದರು. ಓಡಾಡಿ ದಾವಣಗೆರೆಗೆ ಹೋಗಿ ಗಾಡಿ ತಂದರು. ಹರಕೆ ಹಾಗೆಯೇ ಉಳಿಯಿತು. ಅಯ್ಯನವರನ್ನು ಎಲ್ಲಿ ಕೂರಿಸಲಿ? ಗೇರ್ ಬಾಕ್ಸಿನ ಮೇಲೆಯೇ?

ಶ್ರಾವಣದ ಮೊದಲ ವಾರದಲ್ಲಿ ತವರಿನಿಂದ ಸುದ್ದಿ ಬಂತು. ಅಯ್ಯನವರಿಗೆ ವಯಸ್ಸಾಯಿತು, ಮಂಡಿ ನೋವು, ಶ್ರಾವಣ ಮುಗಿದ ಮಾರನೇ ದಿನವೇ ಹೊಸದುರ್ಗದ ಕಡೆ ಮಗಳ ಮನೆಗೆ ಹೋಗಿ ಅಲ್ಲೇ ಇದ್ದುಬಿಡುತ್ತಾರೆ, ಇನ್ನು ಭಕ್ತರ ಮನೆಗೆ ಬಂದು ಹೋಗುವುದು ಇಲ್ಲ ಎಂದು. ನಾನು ಅವತ್ತು ಅಳಲಿಲ್ಲ. ಹಾಸುಬಟ್ಟೆಯ ಅಂಚಿನಲ್ಲಿ ನಿಂತು ಇವರಿಗೆ ಹೇಳಿದೆ:

"ಕಡೇ ಸೋಮವಾರ ಅಯ್ಯನೋರು ಇಲ್ಲಿ ಕುಂತ್ಕಬೇಕು. ಈ ಜಾಗದಾಗೆ. ನಿಮ್ಮ ಗಾಡಿ ಎದ್ದು ಹೋಗ್ತೈತೋ, ಇಲ್ಲ ನಾನೇ ಒಂದೊಂದಾಗಿ ಎತ್ತಿ ತಿಪ್ಪೆಗೆ ಹಾಕ್ಲೋ, ಹೇಳ್ರಿ."

ಇವರು ನನ್ನನ್ನು ನೋಡಿದರು. ನಾನು ಹರಕೆ ಹೊತ್ತದ್ದು ಯಾರಿಗಾಗಿ ಎಂದು ಅವರಿಗೆ ಗೊತ್ತಿತ್ತು. "ಎದ್ದು ಹೋಗ್ತೈತೆ. ಹೋಗೋದಷ್ಟೇ ಅಲ್ಲ, ನಾನೇ ಅದ್ರಾಗೆ ಹೋಗಿ ಅಯ್ಯನೋರ್ನ ಕರ್ಕಂಬರ್ತೀನಿ. ಆ ಬಸ್ಸಿನಾಗೆ ಅವರು ನಿಂತ್ಕಂಡು ಬರೋದು ಬ್ಯಾಡ" ಎಂದರು. ಮಾರನೇ ದಿನವೇ ಅಯ್ಯನವರಿಗೆ ಹೇಳಿಕಳಿಸಿಬಿಟ್ಟರು, ಬೆಳಿಗ್ಗೆ ಎಂಟು ಗಂಟೆಗೆ ಗಾಡಿ ತರುತ್ತೇನೆ ಎಂದು. ಅಯ್ಯನವರದು ಒಂದು ನೇಮವಿತ್ತು. ಶ್ರಾವಣ ಸೋಮವಾರ ಭಕ್ತರ ಮನೆಯಲ್ಲಿ ಪಾದಪೂಜೆಯಾಗುವ ತನಕ ಅವರು ನೀರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಎಂಟು ಎಂದರೆ ಎಂಟು.

ಆ ಮೇಲಿನ ಮೂರು ವಾರ ಇವರು ಗಾಡಿಗೆ ದುಡಿದದ್ದು ನೋಡಿ ನನ್ನ ಬಾಯಿ ಸ್ವಲ್ಪ ಮುಚ್ಚಿತು. ಪೇಟೆಯ ಮೆಕ್ಯಾನಿಕ್ ಬಾಷಣ್ಣ ದಿನವೂ ಬಂದು ಒಂದು ಕೈ ಹಾಕಿದ. ಇಬ್ಬರು ಕೂರುವ ಉದ್ದ ಸೀಟು ಬಂತು, ದೀಪ ಬಂತು. ಹಿಂದೆ ಕಾಲಿಡುವ ಕಡ್ಡಿಗಳನ್ನು ಬೆಸುಗೆ ಹಾಕಿಸುವುದೊಂದು ಉಳಿಯಿತು. ಕಡೇ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ ಸಂಜೆ, ಅಂಗಳದಲ್ಲಿ ಅದು ಎದ್ದು ನಿಂತು, ಐದನೇ ಒದೆತಕ್ಕೆ 'ಡರ್‍ರ್' ಎಂದು ಜೀವ ಹಿಡಿಯಿತು. ಓಣಿಯ ನಾಯಿಗಳೆಲ್ಲ ಒಂದೇ ಸಲಕ್ಕೆ ಬೊಗಳಿದವು. ಸರೋಜಕ್ಕ ಮಾಳಿಗೆಯಿಂದ ಸಂಡಿಗೆ ಎತ್ತಿಕೊಂಡು ಒಳಗೆ ಓಡಿದರು. ಇವರ ಕಣ್ಣಲ್ಲಿ ನೀರು. ಹೊಗೆಗೆ ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಈ ಪ್ರಬಂಧವೂ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚೆನ್ನಾಗಿ ನಡೆಯುತ್ತಿರುವುದನ್ನು ಇನ್ನೊಂದು ಸಲ ಬಿಚ್ಚಿ ನೋಡದಿದ್ದರೆ ಇವರಿಗೆ ಉಂಡದ್ದು ಅರಗುವುದಿಲ್ಲ. ಭಾನುವಾರ ಬೆಳಿಗ್ಗೆ, "ಕಾರ್ಬೊರೇಟರ್ ಒಂದ್ಸಲ ತೊಳೆದು ಹಾಕಿಬಿಡ್ತೀನಿ" ಎಂದು, ಇಂಜಿನ್ನಿಗೆ ಗಾಳಿ ಪೆಟ್ರೋಲು ಬೆರೆಸಿ ಕೊಡುವ ಅದನ್ನು ಬಿಚ್ಚಿ, ಅದರ ಸಣ್ಣಪುಟ್ಟ ಸಾಮಾನುಗಳನ್ನು ಒಂದು ಬಟ್ಟಲಿಗೆ ಹಾಕಿ ಹಿತ್ತಲ ಕಲ್ಲಿನ ಮೇಲಿಟ್ಟು, ಸೀಮೆಎಣ್ಣೆ ತರಲು ಪೇಟೆಗೆ ಹೋದರು.

ಅದೇ ಕಲ್ಲಿನ ಹತ್ತಿರ ನಾನು ನಾಳೆಯ ಪೂಜೆಗೆ ಮನೆಯ ಹಿತ್ತಾಳೆಯನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದೆ. ದೀಪಗಳು, ಚೊಂಬು, ಪಾದ ತೊಳೆಯುವ ದೊಡ್ಡ ತಟ್ಟೆ, ಗಂಟೆ. ಹುಣಸೆಹಣ್ಣು ಕಿವುಚಿ ಹಚ್ಚಿ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿ, ತೊಳೆದು ಮೊರದಲ್ಲಿ ಒಣಗಿಸುತ್ತಿದ್ದೆ. ಕೈಗೆ ಆ ಬಟ್ಟಲು ಸಿಕ್ಕಿತು. ನೋಡಿದರೆ ಅದರೊಳಗಿನದೂ ಹಿತ್ತಾಳೆಯೇ! ಕಪ್ಪಗೆ, ಕೊಳಕಾಗಿ. ಗೊಂಬೆಯಾಟದ ಚೊಂಬಿನ ಹಾಗೆ ಒಂದು ಬುರುಡೆ, ನಾಲ್ಕೈದು ಪುಟಾಣಿ ತಿರುಪುಗಳು, ಒಂದೊಂದಕ್ಕೂ ನಡುವೆ ಸೂಜಿ ಕಣ್ಣಿಗಿಂತ ಸಣ್ಣ ತೂತು. ಅಯ್ಯನವರು ಬರುವ ಮನೆಯಲ್ಲಿ ಹಿತ್ತಾಳೆ ಕಪ್ಪಗಿರಬಹುದೇ? ಅಲ್ಲದೆ, ಪಾಪ, ಮೂರು ವಾರ ಕಷ್ಟಪಟ್ಟಿದ್ದಾರೆ, ನನ್ನದೂ ಒಂದು ಕೈ ಇರಲಿ ಎಂಬ ಕರುಣೆಯೂ ಇತ್ತು ಎಂದು ಇಟ್ಟುಕೊಳ್ಳಿ. ಹುಣಸೆಹುಳಿ ಹಚ್ಚಿದೆ. ಇಟ್ಟಿಗೆ ಪುಡಿಯಲ್ಲಿ ಕರ್ರಕರ್ರನೆ ತಿಕ್ಕಿದೆ. ಚಿನ್ನದ ಹಾಗಾದವು.

ಬಂದು ನೋಡಿ ಇವರು ಬೈಯುತ್ತಾರೆಂದುಕೊಂಡಿದ್ದೆ. ಇವರು ಒಂದೊಂದನ್ನೂ ಎತ್ತಿ ಬಿಸಿಲಿಗೆ ಹಿಡಿದರು. "ಏ ಇವಳೇ, ಹೊಸಾದ್ರಾಗೂ ಹಿಂಗೆ ಹೊಳಿತಿರಲಿಲ್ಲ ಕಣೇ!" ಎಂದರು. ತಂದ ಸೀಮೆಎಣ್ಣೆಯ ಮುಚ್ಚಳವನ್ನೂ ತೆಗೆಯದೆ, ಅಷ್ಟು ಹೊಳೆಯುವುದನ್ನು ಇನ್ನೇನು ತೊಳೆಯುವುದೆಂದು, ಹಾಗೆಯೇ ಜೋಡಿಸಿ ತಿರುಪು ಬಿಗಿದರು. ಏಳು ತಿಂಗಳಲ್ಲಿ ಆ ಗಾಡಿಯ ದೆಸೆಯಿಂದ ನನಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಆ ದಿನವೆಲ್ಲ ನಾನು ಸ್ವಲ್ಪ ಉಬ್ಬಿಕೊಂಡೇ ಓಡಾಡಿದೆ. ಪಡಸಾಲೆ ಸಾರಿಸಿದೆ, ರಂಗೋಲಿ ಹಾಕಿದೆ, ಗದ್ದುಗೆಗೆ ಕಂಬಳಿ ಮಡಿಸಿ ಇಟ್ಟೆ.

ಸೋಮವಾರ ಏಳು ಗಂಟೆಗೆ ಇವರು ಬಿಳಿ ಪಂಚೆ ಉಟ್ಟು, ಪಂಚೆ ಎತ್ತಿ ಕಟ್ಟಿ, ಒದ್ದರು. ಗಾಡಿ ಕೆಮ್ಮಿತು. ಇನ್ನೊಮ್ಮೆ ಒದ್ದರು. ಹಿಡಿಯಿತು, ಸತ್ತಿತು. ಏಳೂವರೆಯಾಯಿತು. ಓಣಿಯ ಇಳಿಜಾರಿನಲ್ಲಿ ತಳ್ಳಿಕೊಂಡು ಓಡಿದರು, ತಳ್ಳಿಕೊಂಡು ವಾಪಸ್ಸು ಬಂದರು. ಬಿಳಿ ಪಂಚೆ ಬಿಳಿಯಾಗಿ ಉಳಿಯಲಿಲ್ಲ. ಎಂಟಾಯಿತು. ಬಾಷಣ್ಣ ಹಲ್ಲುಜ್ಜುತ್ತಿದ್ದವನು ಹಾಗೆಯೇ ಬಂದ. ಪ್ಲಗ್ಗು ಬಿಚ್ಚಿದ, ಕಿಡಿ ಬರುತ್ತಿತ್ತು. ಪೆಟ್ರೋಲು ನೋಡಿದ, ಇಳಿಯುತ್ತಿತ್ತು. ಕಾರ್ಬೊರೇಟರಿನ ತಳ ಬಿಚ್ಚಿ ಒಳಗೆ ಇಣುಕಿದ.

"ಸಾರ್, ನನ್ನ ಸರ್ವೀಸಿನಾಗೆ ಇಷ್ಟು ಕ್ಲೀನಾಗಿರೋ ಕಾರ್ಬೊರೇಟರ್ ನೋಡಿಲ್ಲ. ಇದ್ರಾಗೆ ಏನೂ ಇಲ್ಲ ಬಿಡ್ರಿ" ಎಂದು ಮುಚ್ಚಿದ. ಇಬ್ಬರೂ ಕೂತು, ಕಿಡಿ ಯಾವಾಗ ಹಾರಬೇಕೆಂದು ಹೇಳುವ ಪಾಯಿಂಟು ಬಿಚ್ಚತೊಡಗಿದರು.

ಒಂಬತ್ತು. ನನಗೆ ಕಣ್ಣ ಮುಂದೆ ಬರುತ್ತಿದ್ದುದು ಒಂದೇ. ಮಂಡಿ ನೋವಿನ ಮುದುಕರು, ಬಾಯಿಗೆ ನೀರಿಲ್ಲದೆ, ಜಗಲಿಯ ಮೇಲೆ ದಾರಿ ನೋಡುತ್ತ ಕೂತಿದ್ದಾರೆ. ಇವತ್ತಿಗೆ ಶ್ರಾವಣ ಮುಗಿಯಿತು, ನಾಳೆ ಅವರು ಹೊರಟುಹೋಗುತ್ತಾರೆ. ನಾನು ಬಾಗಿಲಿಗೆ ಬಂದು ಏಳು ತಿಂಗಳದ್ದನ್ನೆಲ್ಲ ಆಡಿಬಿಟ್ಟೆ. ಬಚ್ಚಲೊಲೆ, ಹೆಂಚು, ಇಳಕಲ್ ಸೀರೆ, ಒಂದನ್ನೂ ಬಿಡಲಿಲ್ಲ. "ಕುಂತ್ಕಳ್ರಿ, ಇನ್ನೊಂದ್ಸಲ ಬಿಚ್ಚಿ ಕುಂತ್ಕಳ್ರಿ! ಶಿವ ನಿಮಗೆ ಜೀವ ಕೊಟ್ಟಿದ್ದು ಇದ್ಕೇ ಅಲ್ವಾ!" ಎಂದೆ. ಇವರು ತಲೆ ಎತ್ತಲಿಲ್ಲ. ಬಾಷಣ್ಣ ಸ್ಪ್ಯಾನರನ್ನು ಬಹಳ ಹೊತ್ತು ಒರೆಸಿದ.

ಒಳಗೆ ಬಂದು ಪಾಯಸಕ್ಕೆ ಪಂಪ್ ಸ್ಟೌವ್ ಹಚ್ಚಿದೆ. ಕೋಪದಲ್ಲಿ ಪಂಪ್ ಹೊಡೆದಷ್ಟೂ ಅದು ಹಳದಿ ಉರಿ ಉಗುಳಿ ಭುಸುಗುಟ್ಟಿತು. ಬಾಯಿ ಕಟ್ಟಿಕೊಂಡಿದೆ ಎಂದು ಕೈ ತಾನಾಗಿಯೇ ಗೂಡಿನಲ್ಲಿದ್ದ ಸ್ಟೌವ್ ಪಿನ್ನನ್ನು ಹುಡುಕಿತು. ಆ ತಗಡಿನ ಹಿಡಿಕೆಯ ಮುಳ್ಳನ್ನು ಸ್ಟೌವಿನ ಬಾಯಿಗೆ ಚುಚ್ಚಿದೆ, ಒಂದಿಷ್ಟು ಮಸಿ ಹೊರಬಂತು, ಉರಿ ನೀಲಿಯಾಯಿತು. ಪಿನ್ನು ಕೈಯಲ್ಲೇ ಇತ್ತು. ಸೂಜಿ ಕಣ್ಣಿಗಿಂತ ಸಣ್ಣ ತೂತು. ನಾನು ತಿಕ್ಕಿದ್ದು ಇಟ್ಟಿಗೆ ಪುಡಿಯಲ್ಲಿ.

ಸತ್ಯ ಹೇಳುತ್ತೇನೆ. ಒಂದು ಕ್ಷಣ ನಾನು ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಏಳು ತಿಂಗಳು ಬೈದ ಬಾಯಿ, ಈಗಷ್ಟೇ ಓಣಿ ಕೇಳುವ ಹಾಗೆ ಬೈದು ಬಂದ ಬಾಯಿ. ಗಾಡಿಯೇ ಕೆಟ್ಟದ್ದು, ಇವರೇ ಕೆಟ್ಟವರು ಎಂದು ಉಳಿದ ಆಯುಷ್ಯವೆಲ್ಲ ಹೇಳಿಕೊಂಡು ಇರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಯಾರಿಗೂ ತಿಳಿಯುವುದಿಲ್ಲ ಎಂದು ಹೇಗೆ ಅಂದುಕೊಳ್ಳಲಿ? ಅದೂ ಆ ಲಿಂಗ ಕಟ್ಟಿದವರು ಉಪವಾಸ ಕೂತಿರುವಾಗ? ಪಿನ್ನು ಹಿಡಿದುಕೊಂಡೇ ಅಂಗಳಕ್ಕೆ ಹೋದೆ.

"ರೀ... ಆ ತೂತಿನ ಹಿತ್ತಾಳೆವು ಅದಾವಲ್ಲ, ಅವನ್ನ ನಾನು ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ದೆ."

 ಬಾಷಣ್ಣ ತಿರುಪು ಬಿಚ್ಚಿ ಸೂರ್ಯನಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. "ಯಾ ಅಲ್ಲಾ" ಎಂದ. "ಒಳಗೆ ಗೋಡೆನೇ ಕಟ್ಟೀರಲ್ಲ ಅಕ್ಕಾ!"

ನಾನು ಪಿನ್ನು ಮುಂದೆ ಚಾಚಿದೆ. ಅವನು ಕೈ ಹಿಂದಕ್ಕೆಳೆದುಕೊಂಡ. "ಅಯ್ಯೋ, ಪಿನ್ ಬ್ಯಾಡ ಅಕ್ಕಾ. ಸ್ಟೌವಿಗೆ ಸರಿ, ಇದ್ಕೆ ಹಾಕಿದ್ರೆ ತೂತು ದೊಡ್ದಾಗಿ ಜನ್ಮಪೂರ್ತಿ ಪೆಟ್ರೋಲ್ ಕುಡಿತೈತೆ. ಒಂದು ಪೊರಕೆ ಕಡ್ಡಿ ಕೊಡ್ರಿ, ತೆಳ್ಳಗಿರೋದು." ಹಂಚಿಹುಲ್ಲಿನ ಪೊರಕೆಯ ತುದಿಯ ಎಳೆಯಿಂದ ಅವನು ಮೆತ್ತಗೆ ದೂಡಿದ, ಬಾಯಿಟ್ಟು ಊದಿದ. ಕೆಂಪು ಪುಡಿ ಗಾಳಿಗೆ ಹಾರಿತು. ಮೂರನೇ ಒದೆತಕ್ಕೆ ಗಾಡಿ ಎದ್ದಿತು. ಇವರು ಹತ್ತಿ ಕೂತವರು ಹೊರಡುವ ಮುಂಚೆ ನನ್ನ ಕಡೆ ತಿರುಗಿದರು. ಈಗ ಏಳು ತಿಂಗಳ ಬಡ್ಡಿ ತೀರಿಸುತ್ತಾರೆ ಎಂದು ನಾನು ಸೆರಗು ಬಿಗಿಹಿಡಿದೆ.

"ಹೊಳಪು ಮಾತ್ರ ಚೆನ್ನಾಗಿ ಬಂದೈತೆ" ಎಂದು ಹೇಳಿ ಹೊರಟೇ ಹೋದರು.

ಆಗ ಹತ್ತೂವರೆ. ಅವರು ವಾಪಸ್ಸು ಬಂದದ್ದು ಹನ್ನೆರಡೂವರೆಗೆ. ಸದ್ದು ಮೊದಲು ಬಂತು, ಆಮೇಲೆ ಹೊಗೆ, ಆಮೇಲೆ ಇವರ ಭುಜ ಹಿಡಿದುಕೊಂಡು, ರುಮಾಲಿನ ತುದಿ ಗಾಳಿಗೆ ಬಿಟ್ಟುಕೊಂಡು ಅಯ್ಯನವರು. ನಾನು ಓಡಿ ಹೋಗಿ ಅಲ್ಲೇ ಅಡ್ಡಬಿದ್ದೆ. "ತಪ್ಪಾಯ್ತು ಬುದ್ಧೀ, ಎಂಟು ಅಂದಿದ್ದು..."

"ಏಳು ತಾಯಿ, ಏಳು. ಒಂಬತ್ತಾದ್ರೂ ಬರಲಿಲ್ಲ ಅಂತ ನಾನೇ ನಡ್ಕಂತಾ ಹೊಂಟಿದ್ದೆ. ಕೆರೆ ಏರಿ ಮ್ಯಾಲೆ ನಿನ್ ಗಂಡ ಸಿಕ್ಕ" ಎಂದರು ಅಯ್ಯನವರು. "ಏನ್ ಗಾಡೀನವ್ವ ಅದು! ಏರಿ ಇಳ್ಯಾಗ ನಾನೂ ಅದೂ ಒಂದ್ ಗಳಿಗೆ ನೆಲದ ಮ್ಯಾಲೇ ಇರಲಿಲ್ಲ."

ಆ ಮಂಡಿಯಲ್ಲಿ, ಆ ಬಿಸಿಲಿನಲ್ಲಿ, ಬಾಯಿಗೆ ನೀರಿಲ್ಲದೆ ಅವರು ಕೆರೆ ಏರಿಯವರೆಗೆ ನಡೆದಿದ್ದರು, ನನ್ನ ಹರಕೆ ತಪ್ಪಬಾರದೆಂದು.  ಸಾರಿಸಿದ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂರಿಸಿ, ತಟ್ಟೆಯಲ್ಲಿ ಅವರ ಪಾದಗಳನ್ನಿಟ್ಟು ಚೊಂಬಿನಿಂದ ನೀರು ಹಾಕಿದೆ. ದಾರಿಯ ಕೆಂಪು ಮಣ್ಣು ಹೋಯಿತು. ಅದರ ಕೆಳಗೆ ಕಪ್ಪು. ಹಿಂದೆ ಕಾಲಿಡುವ ಕಡ್ಡಿ ಇಲ್ಲದ್ದರಿಂದ ಅವರು ಪಾದಗಳನ್ನು ಇಂಜಿನ್ನಿನ ಹಿಂದೆಯೇ ಜೋತುಬಿಟ್ಟು ಬಂದಿದ್ದರು. ಸೈಲೆನ್ಸರಿನ ಸಂದಿಯಿಂದ ಸುರಿದ ಆಯಿಲ್ಲೆಲ್ಲ ಹಿಮ್ಮಡಿಗೆ ಬಂದಿತ್ತು. ತಟ್ಟೆಯ ನೀರಿನ ಮೇಲೆ ನವಿಲು ಕತ್ತಿನ ಬಣ್ಣಗಳು ತೇಲಿದವು.

ಪೂಜೆ ಮುಗಿಯಿತು. ಇನ್ನು ಪಾದೋದಕ ತೆಗೆದುಕೊಳ್ಳಬೇಕು. ಜಂಗಮರ ಪಾದ ತೊಳೆದ ನೀರು ನಮಗೆ ತೀರ್ಥ. ಅದನ್ನು ಬೇಡ ಎನ್ನುವ ಹಾಗಿಲ್ಲ. ಅಂಗೈ ಒಡ್ಡಿ ಕೂತೆ. ಅಂಗೈಯಲ್ಲಿ ಬಣ್ಣಗಳು ತಿರುಗಿದವು. ಪಕ್ಕದಲ್ಲಿ ಇವರೂ ಅಂಗೈ ಒಡ್ಡಿ ಕೂತಿದ್ದರು, ಬಗ್ಗಿ ಮೂಸುತ್ತಿದ್ದರು. ನಾನು ಕಣ್ಣು ಮುಚ್ಚಿ ಶಿವಶಿವಾ ಎಂದು ಕೈಯನ್ನು ತುಟಿಯ ಹತ್ತಿರ ತಂದೆ.

"ತಡಿ ತಾಯಿ, ತಡಿ" ಎಂದರು ಅಯ್ಯನವರು. "ಇದ್ರಾಗೆ ನಂದು ಅರ್ಧ, ನಿನ್ ಗಂಡನ ಗಾಡೀದು ಅರ್ಧ ಐತೆ. ತಲೆ ಮ್ಯಾಲೆ ಹಾಕ್ಕ, ಸಾಕು. ಹೊಟ್ಟೆಗೆ ಪಾಯಸ ಬಡಿಸು."

ತಲೆಯ ಮೇಲೆ ಹಾಕಿಕೊಂಡೆ. ಅಯ್ಯನವರು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು. ಸಂಜೆ ಬಸ್ಸಿಗೆ ಹತ್ತಿಸುತ್ತೇನೆಂದರೆ ಕೇಳದೆ, "ಅದ್ರಾಗೇ ಹೋಗಾಣ ನಡಿಯಪ್ಪ" ಎಂದು ಇವರಿಗಿಂತ ಮೊದಲು ಅಂಗಳಕ್ಕೆ ಇಳಿದರು. ಈ ಸಲ ಅವರ ಪಾದಗಳಿಗೆ ನಾನು ನನ್ನ ಒಳ್ಳೆಯ ಸೀರೆಯೊಂದರ ಸೆರಗನ್ನೇ ಹರಿದು ಸುತ್ತಿ ಕಳಿಸಿದೆ. ಇವರು ಹರಿದರೆ ಬೈಯುತ್ತಿದ್ದೆ. ನಾನೇ ಹರಿದೆ.

ಉಳಿದದ್ದು ನನ್ನ ತಲೆಯ ಸಮಸ್ಯೆ. ಕೂದಲೆಲ್ಲ ಟೂ ಸ್ಟ್ರೋಕಿನ ವಾಸನೆ. ಸೀಗೆಪುಡಿ ಹಾಕಿ ತೊಳೆದರೆ ಎರಡು ನಿಮಿಷದ ಕೆಲಸ, ಆದರೆ ಹಚ್ಚಿಕೊಂಡ ತೀರ್ಥವನ್ನು ಸೀಗೆಪುಡಿ ಹಾಕಿ ತೊಳೆಯಬಹುದೇ? ಕೇಳೋಣವೆಂದರೆ ಅಯ್ಯನವರು ಹೊಸದುರ್ಗಕ್ಕೆ ಹೊರಟುಹೋಗಿದ್ದರು. ಸರೋಜಕ್ಕ ಮೂಗು ಹಿಡಿದುಕೊಂಡು, "ತೊಳ್ಕಳೇ ಮಾರಾಯ್ತಿ, ಶಿವ ಏನೂ ಅನ್ನಲ್ಲ" ಎಂದರು. ನನಗೆ ಧೈರ್ಯ ಬರಲಿಲ್ಲ. ಗುರುವಾರದ ತನಕ ಹಾಗೆಯೇ ಇದ್ದೆ.

ಆ ಮೂರು ದಿನ ಇವರು ಪೇಟೆಗೆ ಹೋಗಲಿಲ್ಲ, ಗಾಡಿ ಬಿಚ್ಚಲಿಲ್ಲ. ನಾನು ಪಾತ್ರೆ ತಿಕ್ಕಲು ಕೂತರೆ ಅಲ್ಲೇ ಬಂದು ಕೂತರು, ನೀರು ಸೇದಿ ಕೊಟ್ಟರು, ನಾನು ಹತ್ತಿರ ಹಾದು ಹೋದಾಗಲೆಲ್ಲ ಒಮ್ಮೆ ಉಸಿರೆಳೆದುಕೊಂಡು ನನ್ನ ಮುಖ ನೋಡಿ ನಕ್ಕರು. ಮದುವೆಯ ಹೊಸದರಲ್ಲಿ ಮಲ್ಲಿಗೆ ಮುಡಿದಾಗಲೂ ಈ ಮನುಷ್ಯ ನನ್ನನ್ನು ಹಾಗೆ ನೋಡಿದ್ದಿಲ್ಲ. ನಾನು ಎಣಿಸಿಕೊಳ್ಳುವ ಸಣ್ಣಪುಟ್ಟ ಕೃಪೆಗಳಲ್ಲಿ ಅದನ್ನೂ ಸೇರಿಸಿಕೊಂಡೆ, ಮತ್ತು ಗುರುವಾರ ಬೆಳಿಗ್ಗೆ ಸೀಗೆಪುಡಿ ಕೈಗೆತ್ತಿಕೊಂಡವಳು, ಶುಕ್ರವಾರ ಇನ್ನೂ ಒಳ್ಳೆಯ ದಿನವಲ್ಲವೇ ಎಂದು ಡಬ್ಬಿ ಮುಚ್ಚಿಟ್ಟೆ.